ಹಳೀ ಕಾಮಿಕ್ಸ್‌ದಾಗ ರೊಕ್ಕ ಹಾಕಬೇಕೋ ಬ್ಯಾಡೋ: ನಾಲ್ಕು ದಾರಿ, ಯಾರಿಗೆ ಯಾವ್ದು

ಹೋದ ತಿಂಗಳು ಮೂರು ಮಂದಿ ನನ್ನ ಹತ್ರ ಹೆಚ್ಚು ಕಡಿಮಿ ಒಂದ ಪ್ರಶ್ನಿ ಕೇಳಿದ್ರು. ಜಮಖಂಡಿ ಕಡೆ ಒಬ್ರು ಮಾಸ್ತರು, ಐವತ್ತು ಸಾವಿರ ಕೈಯಾಗ ಐತಿ, ಮಗ ಇನ್ನ ಹತ್ತು ವರ್ಷಕ್ಕ ಕಾಲೇಜಿಗೆ ಹೋಗ್ತಾನ, ಅಷ್ಟರಾಗ ಹಳೀ ಕಾಮಿಕ್ಸ್ ತಗೊಂಡಿಟ್ರ ದುಪ್ಪಟ್ಟು ಆಗ್ತೈತೇನ್ರಿ ಅಂತ. ಎರಡನೇದವ ಬೆಳಗಾವಿ ಟಿಳಕವಾಡಿ ಹುಡುಗ, ಪುಣೆದಾಗ ಕೆಲಸ, ಮೂರು ಲಕ್ಷ ಬ್ಯಾರೆ ತಗದಿಟ್ಟಾನ, ಅವ್ಗ ಅಮೇರಿಕಾದ್ದ ಬೇಕು, ಪ್ಲಾಸ್ಟಿಕ್ ಡಬ್ಬಿಯೊಳಗ ಸೀಲ್ ಆಗಿ ಬರ್ತೈತಲ್ಲ ಅಂಥಾದ್ದು. ಮೂರನೇದವ್ರು ವಿಜಯಪುರದ ಒಬ್ರು ಅಕ್ಕಾವ್ರು. ಮಾವನವ್ರು ತೀರಿಕೊಂಡ ಮ್ಯಾಲ ಅಟ್ಟದಾಗಿನ ಟ್ರಂಕ್ ಇಳಿಸಿದ್ರ ತಳದಾಗ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥಾ, ನೂರರ ಮ್ಯಾಲ ಅದಾವಂತ, ರದ್ದಿ ಅಂಗಡಿಯವ ಕಿಲೋಕ್ಕ ಹನ್ನೆರಡು ರೂಪಾಯಿ ಅಂದಾನ, ಕೊಡ್ಲೋ ಬ್ಯಾಡೋ ಅಂತ ಕೇಳಿದ್ರು.

ಕೊಡಬ್ಯಾಡ್ರಿ ಅಂತ ಅಕ್ಕಾವ್ರಿಗೆ ಅವತ್ತ ಫೋನಿನ್ಯಾಗ ಹೇಳೀನಿ. ಉಳದದ್ದು ಒಂದು ಮಾತಿನ್ಯಾಗ ಮುಗಿಯೂದಲ್ಲ, ಮೂರೂ ಮಂದಿಗೆ ಒಂದ ಉತ್ತರಾನೂ ಅಲ್ಲ, ಅದಕ್ಕ ಸಾವಕಾಶ ಕುಂತು ಬರ್ಯಾಕತ್ತೀನಿ.

ನಂದೂ ಒಂದು ಸಂಬಂಧ ಐತಿ ಈ ವಿಷಯದ ಜೋಡಿ. ನಾವು ಹಳೀ ಬಾಗಲಕೋಟಿಯವ್ರು. ಆಲಮಟ್ಟಿ ಹಿನ್ನೀರು ಏರಿ ಮುಳುಗಡಿ ಆಗಿ ಮನಿ ಖಾಲಿ ಮಾಡಿ ನವನಗರಕ್ಕ ಬಂದ್ವಿ. ಅವಾಗ ನಮ್ಮ ಕಾಕಾಂದು ಎರಡು ಟ್ರಂಕ್ ತುಂಬ ಕಾಮಿಕ್ಸ್ ಇದ್ದು, ಕನ್ನಡದ್ದು ಮರಾಠಿದ್ದು ಎರಡೂ. ಹೊಸಾ ಮನಿ ಸಣ್ಣದು, ಟೆಂಪೋದಾಗ ಜಾಗ ಇಲ್ಲ, ಅಂಗಳದಾಗ ತಕ್ಕಡಿ ತಂದು ನಿಲ್ಲಿಸಿ ಎಲ್ಲಾ ತೂಗಿ ಕೊಟ್ಬಿಟ್ರು. ರದ್ದಿಯವ ಸುತಳಿ ಬಿಗದಾಗ ಮ್ಯಾಲಿನ ಪುಸ್ತಕದ ಅಂಚು ಸೀಳಿದ್ದು ನನಗ ಇನ್ನೂ ಕಣ್ಣ ಮುಂದ ಐತಿ. ನಮ್ಮ ಓಣಿಯಾಗ ಒಂದ ಮನಿ ಅಲ್ಲ, ಎಷ್ಟೋ ಮನಿಯಾಗ ಹಂಗ ಆತು. ಆಮ್ಯಾಲ ಇಪ್ಪತ್ತು ವರ್ಷ ನಾನು ಹುಡುಕಿ ಹುಡುಕಿ ಒಂದೊಂದ ತಗೊಂಡೀನಿ, ಕೆಲವೊಂದು ಮಾರೀನಿ, ಕೆಲವೊಂದರಾಗ ರೊಕ್ಕ ಕಳಕೊಂಡೀನಿ.

ಮೊದ್ಲ ಯಾವ ಅಳತಿಯಿಂದ ನೋಡಬೇಕು

ಎಲ್ಲಾರೂ ಮೊದ್ಲು ಕೇಳೂದು "ಇದು ಎಷ್ಟು ಹಳೀದು?" ಅಂತ. ಅದು ತಪ್ಪು ಪ್ರಶ್ನಿ. ಎಷ್ಟು ಉಳದಾವು, ಉಳದದ್ದನ್ನ ಎಷ್ಟು ಮಂದಿ ಹುಡುಕಾಕತ್ತಾರ, ಇದನ್ನ ಕೇಳ್ರಿ.

ಸೂಪರ್‌ಮ್ಯಾನ್ ಮೊದಲ ಸಲ ಬಂದ ಆಕ್ಷನ್ ಕಾಮಿಕ್ಸ್ ಒಂದನೇ ನಂಬರ್, 1938ರದ್ದು, ಅವಾಗ ಬೆಲಿ 10 ಸೆಂಟ್. ಎರಡು ಲಕ್ಷ ಪ್ರತಿ ಅಚ್ಚಾದ್ವು ಅಂತಾರ, ಈಗ ಉಳದದ್ದು ನೂರರ ಆಸುಪಾಸು. ಬಾಕಿದ್ದೆಲ್ಲಾ ಎಲ್ಲಿ ಹೋತು ಅಂದ್ರ, ಹುಡುಗ್ರು ಓದಿ ಒಗದ್ರು, ಎರಡನೇ ಮಹಾಯುದ್ಧದಾಗ ಮನಿಮನಿಗೆ ಬಂದು ರದ್ದಿ ಕೂಡಿಸಿದ್ರು, 1950ರ ದಶಕದಾಗ ಕಾಮಿಕ್ಸ್ ಓದಿದ್ರ ಹುಡುಗ್ರು ಕೆಡ್ತಾರ ಅಂತ ಊರಾಗ ಗುಡ್ಡಿ ಹಾಕಿ ಸುಟ್ರು. ಅಲ್ಲಿ ಯುದ್ಧ ಮಾಡಿದ ಕೆಲಸಾನ ಬಾಗಲಕೋಟ್ಯಾಗ ಮುಳುಗಡಿ ಮಾಡೇತಿ ನೋಡ್ರಿ. ಯಾರೂ ಇದನ್ನ ಕಾಯ್ದಿಡಬೇಕು ಅಂತ ಇಡ್ಲಿಲ್ಲ, ಅದಕ್ಕ ಉಳದದ್ದಕ್ಕ ಬೆಲಿ ಬಂತು. 2024ರಾಗ ಆ ಆಕ್ಷನ್ ಕಾಮಿಕ್ಸಿನ ಒಂದು ಪ್ರತಿ 60 ಲಕ್ಷ ಡಾಲರಿಗೆ ಹೋತು. 2025ರ ನವೆಂಬರದಾಗ ಸೂಪರ್‌ಮ್ಯಾನ್ ಒಂದನೇ ನಂಬರ್, 1939ರದ್ದು, 91 ಲಕ್ಷ ಡಾಲರಿನ ಮ್ಯಾಲ, ನಮ್ಮ ರೊಕ್ಕದಾಗ ಎಂಬತ್ತು ಕೋಟಿ ಹತ್ರ. ಅದು ಕ್ಯಾಲಿಫೋರ್ನಿಯಾದಾಗ ತೀರಿಹೋದ ತಾಯಿ ಮನಿ ಅಟ್ಟದಾಗ ಅಣ್ಣತಮ್ಮಂದ್ರಿಗೆ ಸಿಕ್ಕಿದ್ದು, ಹಳೀ ಪೇಪರಿನ ಕೆಳಗ, ರಟ್ಟಿನ ಪೆಟ್ಟಿಗಿಯೊಳಗ.

ಈಗ ಇದರ ತಿರುವು ಕೇಳ್ರಿ. ಇಂಥಾ ಸುದ್ದಿ ಪೇಪರಿನ್ಯಾಗ ಓದಿ ಓದಿ 1990ರ ಸುಮಾರಿಗೆ ಅಮೇರಿಕಾದ ಮಂದಿ ಹೊಸಾ ಕಾಮಿಕ್ಸ್ ಡಜನ್‌ಗಟ್ಟಲೆ ಕೊಂಡಿಡಾಕ ಸುರು ಮಾಡಿದ್ರು, ಮುಂದ ಮಕ್ಕಳ ಫೀಸಿಗೆ ಆಗ್ತೈತಿ ಅಂತ. 1991ರಾಗ ಎಕ್ಸ್-ಮೆನ್ ಒಂದನೇ ನಂಬರ್ 80 ಲಕ್ಷದ ಮ್ಯಾಲ ಹೋತು, ಐದು ಬ್ಯಾರೆ ಬ್ಯಾರೆ ಮುಖಪುಟ. 1992ರಾಗ ಸೂಪರ್‌ಮ್ಯಾನ್ ಸಾಯೂ ಸಂಚಿಕಿ, ಕರೀ ಚೀಲದಾಗ ಸೀಲ್ ಮಾಡಿ, ಒಳಗ ಕೈಗೆ ಕಟ್ಕೊಳ್ಳೂ ಕರೀ ಪಟ್ಟಿ ಹಾಕಿ ಕೊಟ್ರು, ಮಂದಿ ಚೀಲ ಬಿಚ್ಚದ ಹಂಗ ಎತ್ತಿಟ್ರು. ಎಲ್ಲಾರೂ ಎತ್ತಿಟ್ರು. ಮೂವತ್ತು ವರ್ಷ ಆದ್ರೂ ಅದು ಇವತ್ತು ಒಂದು ಹೋಟೆಲ್ ಊಟದ ರೊಕ್ಕಕ್ಕ ಸಿಗ್ತೈತಿ. ಅಂಗಡಿಗೋಳು ಸಾಲು ಸಾಲು ಮುಚ್ಚಿದ್ವು, 1996ರ ಡಿಸೆಂಬರದಾಗ ಎಕ್ಸ್-ಮೆನ್ ತಂದ ಮಾರ್ವೆಲ್ ಕಂಪನಿನ ದಿವಾಳಿ ಅರ್ಜಿ ಹಾಕ್ತು. ಅದೇ ದೇಶದಾಗ 1984ರಲ್ಲಿ ಇಬ್ರು ಹುಡುಗ್ರು ತಾವ ರೊಕ್ಕ ಹೊಂದಿಸಿ ಮೂರು ಸಾವಿರದಷ್ಟು ಪ್ರತಿ ಅಚ್ಚು ಹಾಕಿಸಿದ ನಿಂಜಾ ಟರ್ಟಲ್ಸ್ ಒಂದನೇ ನಂಬರಿಗೆ ಇವತ್ತು ಲಕ್ಷಗಟ್ಟಲೆ ಬೆಲಿ ಐತಿ.

ಎರಡನೇ ಅಳತಿ, ಪುಸ್ತಕದ ಸ್ಥಿತಿ. ಅಮೇರಿಕಾದಾಗ 0.5 ರಿಂದ 10 ತನಕ ನಂಬರ್ ಕೊಡ್ತಾರ. ಒಂದ ಸಂಚಿಕಿ, 4 ಇದ್ದದ್ದಕ್ಕೂ 9 ಇದ್ದದ್ದಕ್ಕೂ ಬೆಲಿ ಎಂಟ್ಹತ್ತು ಪಟ್ಟು ಫರಕ್ ಆಗಬೌದು. ಕಣ್ಣಿಗೆ ಚೊಲೋ ಕಂಡ್ರ ಸಾಲೂದಿಲ್ಲ, ಕೈಯಾಗ ಹಿಡದು ನೋಡಬೇಕು: ನಡುವಿನ ಪಿನ್ನಿಗೆ ಜಂಗ್ ಹತ್ತೇತೇನು, ಜಂಗಿನ ಕಂದು ಉಂಗುರ ಹಾಳಿಗೆ ಇಳದೈತೇನು, ನಡುವಿನ ಜೋಡಿ ಹಾಳಿ ಪಿನ್ನಿನಿಂದ ಬಿಟ್ಟೈತೇನು, ಬೆನ್ನಿಗೆ ಸೆಲೋಟೇಪ್ ಹಚ್ಯಾರೇನು, ಮೊದಲ ಪುಟದಾಗ ಬಾಲ್‌ಪೆನ್ನಿಲೆ ಹೆಸರು, ವಾಚನಾಲಯದ ಶಿಕ್ಕಾ, ಒಳಗ ಕೂಪನ್ ಕತ್ತರಿಸಿದ ಕಿಂಡಿ. ಎಲ್ಲಾ ಹಾಳಿ ಒಂದೊಂದ ಎಣಿಸ್ರಿ. ನಾನು 2016ರಾಗ ಆನ್‌ಲೈನ್‌ನ್ಯಾಗ ಒಬ್ಬನ ಹತ್ರ ಫೋಟೋ ಅಷ್ಟ ನೋಡಿ ಹದಿನಾಲ್ಕು ಪುಸ್ತಕದ ಲಾಟ್ ತಗೊಂಡಿದ್ದೆ, ಬಂದಾಗ ನೋಡಿದ್ರ ಐದರೊಳಗ ನಡುವಿನ ಹಾಳಿ ಇಲ್ಲ, ಎರಡರ ಮುಖಪುಟದ ಬಿಳಿ ಗೆರಿ ಮ್ಯಾಲ ಸ್ಕೆಚ್ ಪೆನ್ನಿಲೆ ಬಣ್ಣ ತುಂಬ್ಯಾನ. ಕೇಳಿದ್ರ ಹಳೀದು ಹಿಂಗ ಇರ್ತೈತಿ ಅಂದ. ಆ ರೊಕ್ಕ ಹೋತು.

ಮೂರನೇದು, ಮಾರಬೇಕಂದ್ರ ಎಷ್ಟು ದಿನ. ಬಂಗಾರ ಇದ್ರ ಯಾವ ಊರಾಗಾದ್ರೂ ಅರ್ಧ ತಾಸಿನ್ಯಾಗ ರೊಕ್ಕ, ಬ್ಯಾಂಕಿನ್ಯಾಗ ಇಟ್ರ ಸಾಲ. ಕಾಮಿಕ್ಸ್ ಒತ್ತಿ ಇಟ್ಟು ಸಾಲ ಕೊಡೂ ಸೊಸೈಟಿ ನಮ್ಮ ಮೂರು ಜಿಲ್ಲಾದಾಗ ಒಂದೂ ಇಲ್ಲ. ಕೊಳ್ಳಾವ ಮುಂಬೈದಾಗ, ಬೆಂಗಳೂರಾಗ, ಕೋಲ್ಕತ್ತಾದಾಗ ಇರ್ತಾನ, ಅವನಿಗೆ ಆ ನಂಬರ್ ಬೇಕಾಗಿರಬೇಕು, ಅವತ್ತ ಅವನ ಕೈಯಾಗ ರೊಕ್ಕ ಇರಬೇಕು. ಮನ್ಯಾಗ ಮದುವಿ, ದವಾಖಾನಿ ಖರ್ಚು ಬಂದಾಗ ಅವ್ನ ದಾರಿ ಕಾಯಾಕ ಆಗೂದಿಲ್ಲ.

ನಾಲ್ಕನೇದನ್ನ ಮಂದಿ ಲೆಕ್ಕಾನ ಹಿಡಿಯೂದಿಲ್ಲ, ಅದು ಸೋರಿಕಿ, ಅಂದ್ರ ಕೊಳ್ಳೂವಾಗ ಮಾರೂವಾಗ ನಡುವ ಖರ್ಚಾಗಿ ಹೋಗೂ ರೊಕ್ಕ. ಮಾಸ್ತರ ಐವತ್ತು ಸಾವಿರದ ಲೆಕ್ಕ ತಗೊಳ್ರಿ. ಅದನ್ನ ಪೋಸ್ಟ್ ಆಫೀಸಿನ ಕಿಸಾನ್ ವಿಕಾಸ ಪತ್ರದಾಗ ಇಟ್ರ, 2023ರ ಏಪ್ರಿಲ್‌ದಾಗ ಮಾಡಿದ ದರ ಶೇ. 7.5, 115 ತಿಂಗಳಿಗೆ ಒಂದು ಲಕ್ಷ. ಅಂದ್ರ ಒಂಬತ್ತು ವರ್ಷ ಏಳು ತಿಂಗಳು, ನಡುವ ಏನೂ ಮಾಡಬೇಕಿಲ್ಲ. ಕಾಮಿಕ್ಸ್ ಅಷ್ಟ ರೊಕ್ಕ ಕೈಗೆ ಕೊಡಬೇಕಂದ್ರ ಒಂದು ಲಕ್ಷಕ್ಕ ಮಾರಿದ್ರ ಆಗೂದಿಲ್ಲ, ಆನ್‌ಲೈನ್ ಮಾರಾಟದ ತಾಣ ಶೇ. 13ರ ಹತ್ರ ಹಿಡ್ಕೋತೈತಿ, ಪಾರ್ಸಲ್, ಇನ್ಶೂರೆನ್ಸ್ ಕೂಡಿಸಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕರೆ ಹೋಗಬೇಕು. ಹೊರಗಿಂದ ತರಿಸಿದ್ದಾದ್ರ ತರಿಸೂವಾಗಿನ ಶಿಪ್ಪಿಂಗ್, ಕಸ್ಟಮ್ಸ್ ಬ್ಯಾರೆ. ದೊಡ್ಡ ಹರಾಜು ಕಂಪನಿಯಾಗ ಹೋದ್ರ ಕೊಳ್ಳಾವನ ಕಡಿಂದ ಶೇ. 20ರ ಆಸುಪಾಸು ಪ್ರೀಮಿಯಂ ತಗೋತಾರ, ಪೇಪರಿನ್ಯಾಗ ಬರೂದು ಅದೂ ಕೂಡಿದ ಬೆಲಿ, ಮಾರಿದವನ ಕೈಗೆ ಬಂದದ್ದಲ್ಲ.

ಕಡೀದು, ಇಡೂ ಜಾಗ. ಹಳೀ ಕಾಮಿಕ್ಸ್ ಅಂದ್ರ ನ್ಯೂಸ್‌ಪ್ರಿಂಟ್, ಆ ಹಾಳಿಯೊಳಗ ಆಸಿಡ್ ಇರ್ತೈತಿ, ತಾನ ಹಳದಿ ಆಗಿ ಹಪ್ಪಳದಂಗ ಮುರೀತೈತಿ, ಸೆಕಿ ಹೆಚ್ಚಾದಷ್ಟು ಲಗೂನ. ವಿಜಯಪುರ, ಬಾಗಲಕೋಟಿ ಏಪ್ರಿಲ್ ಮೇ ಸೆಕಿ ನಿಮಗ ಗೊತ್ತ ಐತಿ, ಪತ್ರಾಸ್ ಮನಿ ಅಟ್ಟ ಅಂದ್ರ ಒಲಿ. ಬೆಳಗಾವ್ಯಾಗ ಸೆಕಿ ಕಡಿಮಿ, ಆದ್ರ ಜೂನದಿಂದ ಸೆಪ್ಟೆಂಬರ ತನಕ ಗ್ವಾಡಿ ಜಿನುಗ್ತಾವು, ಬೂಸಲು ಬರ್ತೈತಿ, ಪಿನ್ನಿಗೆ ಜಂಗ್ ಹತ್ತೂದು ಅಲ್ಲೇ ಹೆಚ್ಚು. 2019ರ ಆಗಸ್ಟದಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದಾಗ ನೀರು ಹೊಕ್ಕ ಮನಿಯಾಗ ಪುಸ್ತಕ ಅನ್ನೂದು ಒಂದೂ ಉಳೀಲಿಲ್ಲ. ನದಿ ದಂಡಿ ಊರಾಗ ಇದ್ದವ್ರು ಇದನ್ನ ಖರೆನ ವಿಚಾರ ಮಾಡ್ರಿ.

ಅಮೇರಿಕಾದ ಸೀಲ್ ಆದ ಪ್ರತಿ

ಸಿಜಿಸಿ ಅಂತ ಕಂಪನಿ 2000ದಾಗ ಸುರು ಆತು, ಪುಸ್ತಕ ಪರೀಕ್ಷಿ ಮಾಡಿ ನಂಬರ್ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಾಗ ಸೀಲ್ ಮಾಡಿ ಕೊಡ್ತೈತಿ, ಅದಕ್ಕ ಸ್ಲ್ಯಾಬ್ ಅಂತಾರ. ಮೊದಲಿನ ಮೂರೂ ಅಳತಿಗೆ ಇದ ಚೊಲೋ: ಆ ಕಂಪನಿ ಕೈಯಾಗ ಹಾದ ಪ್ರತಿ ಎಷ್ಟು ಅಂತ ಲೆಕ್ಕ ಸಿಗ್ತೈತಿ, ಸ್ಥಿತಿ ಬಗ್ಗೆ ಜಗಳ ಇಲ್ಲ, ಜಗತ್ತಿನ ಯಾವ ಮೂಲಿಯವನೂ ಕೊಳ್ತಾನ. ಕೆಟ್ಟದ್ದು ಸೋರಿಕಿಯಾಗ. ಹಾಲಿವುಡ್ ನಟ ನಿಕೊಲಸ್ ಕೇಜ್ 1997ರಾಗ ಒಂದೂವರಿ ಲಕ್ಷ ಡಾಲರಿಗೆ ಕೊಂಡ ಆಕ್ಷನ್ ಕಾಮಿಕ್ಸ್ ಒಂದನೇ ನಂಬರ್ 2011ರಾಗ 21.6 ಲಕ್ಷ ಡಾಲರಿಗೆ ಹೋತು, ಹದಿನಾಲ್ಕು ವರ್ಷದಾಗ ಹದಿನಾಲ್ಕು ಪಟ್ಟು. ಆದ್ರ ನಡುವ 2000ದಾಗ ಅದು ಕಳುವಾಗಿತ್ತು, ಹನ್ನೊಂದು ವರ್ಷ ಸಿಕ್ಕಿರ್ಲಿಲ್ಲ, ಅದನ್ನೂ ನೆನಪಿಡ್ರಿ. ಮತ್ತ ಅಂಥಾ ಬೆಳವಣಿಗಿ ಮ್ಯಾಲಿನ ಬೆರಳೆಣಿಕಿ ಪುಸ್ತಕಕ್ಕ ಅಷ್ಟ. ಕೊರೋನಾ ಕಾಲದಾಗ ಮಂದಿ ಮನಿಯಾಗ ಕುಂತು ಕೊಂಡು ಕೊಂಡು ಬೆಲಿ ಆಕಾಶಕ್ಕ ಏರಿಸಿದ್ರು, ಸ್ಪೈಡರ್‌ಮ್ಯಾನ್ ಮೊದಲ ಸಲ ಬಂದ 1962ರ ಸಂಚಿಕಿಯ ಒಂದು ಪ್ರತಿ 2021ರ ಸೆಪ್ಟೆಂಬರದಾಗ 36 ಲಕ್ಷ ಡಾಲರಿಗೆ ಹೋತು, ಮುಂದಿನ ವರ್ಷದಿಂದ ಬಜಾರ ಇಳೀತು, 2021ರಾಗ ಕೊಂಡವ್ರು ಎಷ್ಟೋ ಮಂದಿ ಇನ್ನೂ ಕೊಂಡ ಬೆಲಿ ನೋಡಿಲ್ಲ. ಸಿನಿಮಾ ಬರ್ತೈತಿ ಅಂತ ಸುದ್ದಿ ಆದ ಕೂಡ್ಲೆ ಏರಿದ್ದು ಸಿನಿಮಾ ಬಂದ ಮ್ಯಾಲ ಇಳೀತೈತಿ, ಇದು ಪ್ರತಿ ಸಲ ನೋಡೂ ಆಟ.

ಟಿಳಕವಾಡಿ ತಮ್ಮಾ, ನಿನ್ನ ಮೂರು ಲಕ್ಷದಾಗ ಹತ್ತು ಸ್ಲ್ಯಾಬ್ ಬ್ಯಾಡ, ಒಂದ ತಗೋ. 1974ರ ಹಲ್ಕ್ 181ನೇ ನಂಬರ್, ಎಕ್ಸ್-ಮೆನ್ ಪೈಕಿ ವೂಲ್ವರಿನ್ ಅನ್ನೂ ಪಾತ್ರ ಮೊದಲ ಸಲ ಪೂರ್ತಿಯಾಗಿ ಬಂದದ್ದು, ನಡುವಿನ ಗ್ರೇಡಿನ್ಯಾಗ ನಿನ್ನ ಕೈಗೆ ಎಟುಕೂ ಹಂಗ ಐತಿ, ಐವತ್ತು ವರ್ಷದಿಂದ ಆ ಪಾತ್ರದ ಮ್ಯಾಲಿನ ಪ್ರೀತಿ ಕಡಿಮಿ ಆಗಿಲ್ಲ. ಅದರೊಳಗ ಒಂದು ಸಣ್ಣ ಸ್ಟ್ಯಾಂಪ್ ಚಿತ್ರ ಅಚ್ಚಾಗಿರ್ತೈತಿ, ಆಗಿನ ಹುಡುಗ್ರು ಕತ್ತರಿಸಿ ಆಲ್ಬಮ್ಮಿಗೆ ಹಚ್ಚತಿದ್ರು, ಆ ಸ್ಟ್ಯಾಂಪ್ ಇಲ್ಲದ ಪ್ರತಿಗೆ ಬೆಲಿ ಭಾಳ ಕಡಿಮಿ, ಲೇಬಲ್ ಮ್ಯಾಲ ಅದನ್ನ ಬರದಿರ್ತಾರ, ಓದಿ ತಗೋ. ಸೀಲ್ ಆದ ಡಬ್ಬಿಯೊಳಗಿನ ಪ್ರತಿ ಬದಲಿ ಮಾಡಿದ ಮೋಸಾನೂ ಆಗ್ಯಾವು, ಸರ್ಟಿಫಿಕೇಟ್ ನಂಬರ್ ಕಂಪನಿ ತಾಣದಾಗ ಹಾಕಿ ಅಲ್ಲಿ ಫೋಟೋ ಇದ್ರ ಜೋಡಿಸಿ ನೋಡು. ಬೆಲಿ ಕೇಳೂವಾಗ ಮಾರಾವ ಹಾಕಿದ ಬೆಲಿ ನೋಡಬ್ಯಾಡ, ಖರೆನ ಮಾರಾಟ ಆಗಿದ್ದರ ಪಟ್ಟಿ ನೋಡು, ಕಳದ ಆರು ತಿಂಗಳದ್ದು. ನಿನಗ ಇನ್ನೂ ಮನಿ ಸಾಲ ಇಲ್ಲ, ಹೆಂಡ್ತಿ ಮಕ್ಕಳಿಲ್ಲ, ಇದು ಹತ್ತು ವರ್ಷ ಮುಟ್ಟದಿದ್ರ ನಡೀತೈತಿ ಅಂದ್ರ ಅಷ್ಟ ಈ ದಾರಿ.

ನಮ್ಮ ದೇಶದ ಹಳೀ ಕಾಮಿಕ್ಸ್

ನನ್ನ ಜೀವ ಇರೂದು ಇಲ್ಲಿ. ಇಂದ್ರಜಾಲ 1964ರ ಮಾರ್ಚದಾಗ ಸುರು ಆತು, ಟೈಮ್ಸ್ ಆಫ್ ಇಂಡಿಯಾದವ್ರು ತಂದದ್ದು, ಫ್ಯಾಂಟಮ್ ಕಥಿಯಿಂದ. 1990ಕ್ಕ ನಿಂತಿತು, ಎಂಟನೂರರ ಮ್ಯಾಲ ಸಂಚಿಕಿ ಬಂದ್ವು, ಕನ್ನಡದಾಗೂ ಬಂತು. ಅದರಾಗ 1976ಕ್ಕ ಬಂದ ಬಹಾದ್ದೂರ್ ಅನ್ನೂ ನಾಯಕ, ಆಬಿದ್ ಸುರತಿ ಬರದದ್ದು, ನಮ್ಮ ಓಣಿ ಹುಡುಗ್ರಿಗೆ ಫ್ಯಾಂಟಮ್‌ಕ್ಕಿಂತ ಹತ್ರದವ ಅನಸ್ತಿದ್ದ.

ಅಮರ ಚಿತ್ರ ಕಥಾದ ಸುದ್ದಿ ಇನ್ನೂ ಚೊಲೋ. ಮಂದಿ ಅನಂತ ಪೈ ಅವ್ರು 1967ರಾಗ ಸುರು ಮಾಡಿದ್ರು ಅಂತಾರ, ಖರೆ, ಆದ್ರ ಆ ಹೆಸರಿನ ಮೊದಲ ಹತ್ತು ಪುಸ್ತಕ 1965ರಾಗ ಕನ್ನಡದಾಗ ಬಂದಾವು, ಬೆಂಗಳೂರಿನ ಜಿ.ಕೆ. ಅನಂತರಾಮ್ ಅನ್ನೂ ಪುಸ್ತಕ ಮಾರಾಟದವ್ರ ವಿಚಾರದಿಂದ, ಪರದೇಶದ ಮಕ್ಕಳ ಕಥಿ ಕನ್ನಡಕ್ಕ ತಂದು. ಅದಕ್ಕ ಪೈ ಅವ್ರು ಇಂಗ್ಲಿಷಿನ್ಯಾಗ ಮೊದ್ಲು ತಂದ 'ಕೃಷ್ಣ'ದ ಮ್ಯಾಲ ನಂಬರ್ 11 ಅಂತ ಐತಿ. ಆ ಹತ್ತರೊಳಗ ಒಂದನ್ನೂ ಈ ಇಪ್ಪತ್ತು ವರ್ಷದಾಗ ನಾನು ಕೈಯಾಗ ಹಿಡದಿಲ್ಲ. ನಿಮ್ಮ ಟ್ರಂಕಿನ್ಯಾಗ ಇದ್ರ ದಯವಿಟ್ಟು ಒಂದ ಸಲ ನೋಡಾಕರೆ ಕೊಡ್ರಿ.

ಆದ್ರ ರೊಕ್ಕದ ಮಾತು ಬ್ಯಾರೆ. ಅಮರ ಚಿತ್ರ ಕಥಾ ಐವತ್ತು ವರ್ಷ ಮತ್ತ ಮತ್ತ ಅಚ್ಚಾಗೇತಿ, 'ಹಳೀದು' ಅಂತ ಮಾರೂದರೊಳಗ ಮುಕ್ಕಾಲು ಪಾಲು ಮರುಮುದ್ರಣ. ಮುಖಪುಟದ ಬೆಲಿ ನೋಡ್ರಿ, ಒಂದೆರಡು ರೂಪಾಯಿ ಇದ್ರ ಮೊದಲಿನದ್ದು, ಹತ್ತು ಹದಿನೈದು ಇದ್ರ ಆಮ್ಯಾಲಿನದ್ದು. ಇಂದ್ರಜಾಲದಾಗ 80ರ ದಶಕದ ಸಾದಾ ಸಂಚಿಕಿ ಕೆಲವು ನೂರು ರೂಪಾಯಿ, ಮೊದಲಿನ ನಂಬರ್ ಪೂರ್ತಿ ಹಾಳಿ ಇದ್ರ ಸಾವಿರದ ಲೆಕ್ಕ. ಇಲ್ಲಿ ಒಂದು ಗಂಟು ಐತಿ: ಕನ್ನಡದ ಪ್ರತಿ ಇಂಗ್ಲಿಷಿಗಿಂತ ಎಷ್ಟೋ ಕಡಿಮಿ ಉಳದಾವು, ಆದ್ರ ಹುಡುಕಾವ್ರೂ ಕಡಿಮಿ. ಇಂಗ್ಲಿಷ್ ಪ್ರತಿಗೆ ಇಡೀ ದೇಶದಾಗ ಗಿರಾಕಿ, ಕನ್ನಡದ್ದಕ್ಕ ನಮ್ಮಂಥವ್ರ ಒಂದಷ್ಟು ಮಂದಿ. ಮರಾಠಿ ಇಂದ್ರಜಾಲ ಬೆಳಗಾವಿ ಹಳೀ ಮನಿಗೋಳಾಗ ಇನ್ನೂ ಸಿಗ್ತಾವು, ಅವಕ್ಕ ಪುಣೆ ಮುಂಬೈದಾಗ ಕೊಳ್ಳಾವ್ರು ಅದಾರ, ಹತ್ರ ಇದ್ದವ್ರಿಗೆ ಅದೊಂದು ಅನುಕೂಲ. ಇನ್ನೊಂದು, ಇದನ್ನ ಕೊಳ್ಳಾವ್ರು ಹೆಚ್ಚಿನವ್ರು ಸಣ್ಣವರಿದ್ದಾಗ ಓದಿದವ್ರು, ಐವತ್ತು ಅರವತ್ತು ವಯಸ್ಸಿನವ್ರು. ಇನ್ನ ಇಪ್ಪತ್ತು ವರ್ಷಕ್ಕ ಆ ಪ್ರೀತಿ ಯಾರಿಗೆ ಇರ್ತೈತಿ? ರಾಜ್ ಕಾಮಿಕ್ಸಿನ ನಾಗರಾಜ, 1986ರದ್ದು, ಅದರ ಗಿರಾಕಿ ನಲವತ್ತರ ಆಸುಪಾಸಿನವ್ರು, ಕೈಯಾಗ ಈಗ ದುಡಿಮಿ ರೊಕ್ಕ ಇದ್ದವ್ರು, ಆದ್ರ ಅದು ಹಿಂದಿ, ನಮ್ಮ ಕಡೆ ಸಿಗೂದು ಅಪರೂಪ.

ಐದು ಹತ್ತು ಸಾವಿರದ ಬಜೆಟ್, ಓದೂ ಹುಚ್ಚು, ರದ್ದಿ ಅಂಗಡಿ ತಿರಗಾಡೂ ಕಾಲು ಇದ್ರ ಈ ದಾರಿ ಹಿಡೀರಿ. ರೊಕ್ಕ ಬೆಳದ್ರ ಚೊಲೋ, ಬೆಳೀಲಿಲ್ಲ ಅಂದ್ರೂ ಕೈಯಾಗ ಪುಸ್ತಕ ಐತಿ.

ಹೊಸಾ 'ಕಲೆಕ್ಟರ್ಸ್ ಎಡಿಷನ್'

ಇದಕ್ಕ ಜಾಸ್ತಿ ಹೇಳೂದಿಲ್ಲ. ನಂಬರ್ ಹಾಕಿದ ಗಟ್ಟಿ ರಟ್ಟಿನ ಮರುಮುದ್ರಣ, ನಾಲ್ಕು ಬಗೀ ಮುಖಪುಟ, ಸಂಗಡ ಪೋಸ್ಟರ್, ಮ್ಯಾಗ್ನೆಟ್. ಓದಾಕ, ಮಕ್ಕಳಿಗೆ ಕೊಡಾಕ ಅಗದಿ ಚೊಲೋ, ನಾನೂ ತಗೋತೀನಿ. ಆದ್ರ ಕೊಂಡವ್ರೆಲ್ಲಾ ಪ್ಲಾಸ್ಟಿಕ್ ಸುದ್ದಾ ಬಿಚ್ಚದ ಇಟ್ಟಾರ, 1992ರ ಕರೀ ಚೀಲದ ಕಥಿನ ಇದು. ಹೂಡಿಕಿ ಅಂತ ಒಂದು ರೂಪಾಯಿ ಬ್ಯಾಡ.

ಕಾಮಿಕ್ಸ್ ಬಿಟ್ಟು

ಮಾಸ್ತರ, ನಿಮ್ಮ ಉತ್ತರ ಇಲ್ಲಿ ಐತ್ರಿ. ಮಗನ ಫೀಸಿಗೆ ತಾರೀಖು ಇರ್ತೈತಿ, ಕಾಮಿಕ್ಸಿಗೆ ಇರೂದಿಲ್ಲ. ಐವತ್ತರಾಗ ನಲವತ್ತೈದು ಪೋಸ್ಟ್ ಆಫೀಸಿಗೋ, ನಿಮಗ ತಿಳೂವಳಿಕಿ ಇದ್ರ ಶೇರು ಬಜಾರಿನ ಸೂಚ್ಯಂಕದ ಜೋಡಿ ಏರಿಳಿಯೂ ಇಂಡೆಕ್ಸ್ ಫಂಡಿಗೋ ಹಾಕ್ರಿ. ಬಂಗಾರ ಅಂದ್ರ ಆಭರಣ ಅಲ್ಲ, ಮಜೂರಿ, ಜಿಎಸ್‌ಟಿ ಎಲ್ಲಾ ಅಲ್ಲೇ ಹೋಗ್ತೈತಿ, ಅದೂ ಒಂದು ಸೋರಿಕಿ. ಉಳದ ಐದು ಸಾವಿರಕ್ಕ ಕನ್ನಡದ ಇಂದ್ರಜಾಲ ಎಂಟ್ಹತ್ತು ತಗೊಳ್ರಿ, ಮಗನ ಜೋಡಿ ಕುಂತು ಓದ್ರಿ, ಅವನಿಗೆ ಪಿನ್ನು, ಹಾಳಿ, ಬೆಲಿ ನೋಡೂದು ಕಲಸ್ರಿ.

ಟ್ರಂಕ್ ಸಿಕ್ಕವ್ರಿಗೆ

ಅಕ್ಕಾವ್ರ, ನೀವು ರೊಕ್ಕ ಹಾಕಿಲ್ಲ, ನಿಮಗ ಸೋರಿಕಿ ಲೆಕ್ಕಾನ ಬ್ಯಾರೆ. ಅವಸರ ಮಾಡಬ್ಯಾಡ್ರಿ. ಇವತ್ತ ಟ್ರಂಕ್ ಅಟ್ಟದಿಂದ ಕೆಳಗ ನಡುಮನಿಗೆ ತರ್ರಿ, ಬಿಸಲು ಬೀಳದ ಕಡೆ, ನೆಲಕ್ಕ ತಾಗದ ಹಂಗ ಒಂದು ಮಣಿ ಮ್ಯಾಲ ಇಡ್ರಿ. ಡಾಂಬರ ಗುಳಗಿ ಹಾಕಿದ್ರ ತಗೀರಿ. ಕೈ ತೊಳದು ಒಣಗಿಸಿ ಒಂದೊಂದ ಹೊರಗ ತಗದು ಹೆಸರು, ನಂಬರ್, ಭಾಷಾ, ಮುಖಪುಟದ ಬೆಲಿ, ಹಾಳಿ ಪೂರ್ತಿ ಅದಾವೋ ಇಲ್ಲೋ, ಒಂದು ವಹಿಯಾಗ ಬರೀರಿ. ಹರದದ್ದಕ್ಕ ಟೇಪ್ ಹಚ್ಚಬ್ಯಾಡ್ರಿ, ಒರಸಬ್ಯಾಡ್ರಿ, ಇಸ್ತ್ರಿ ಮಾಡಬ್ಯಾಡ್ರಿ. ಬಜಾರದಾಗ ಸಿಗೂ ವಾಸನಿ ಬರೂ ಮೆತ್ತಗಿನ ಪ್ಲಾಸ್ಟಿಕ್ ಕವರ್ ಬ್ಯಾಡ, ಅದು ಹಾಳಿ ತಿಂತೈತಿ. ಪಾಲಿಯೆಸ್ಟರ್ ಕವರ್, ಹಿಂದ ಆಸಿಡ್ ಇಲ್ಲದ ರಟ್ಟು ತರಸ್ರಿ, ಚೊಲೋ ಹತ್ತಿಪ್ಪತ್ತಕ್ಕ ಅಷ್ಟ ಸಾಕು. ಯಾರರೆ ಮನಿಗೆ ಬಂದು ಎಲ್ಲಾ ಸೇರಿಸಿ ಇಷ್ಟು ಕೊಡ್ತೀನಿ ಅಂದ್ರ ಆ ದಿನ ಹೂಂ ಅನ್ನಬ್ಯಾಡ್ರಿ, ಅವ್ರ ಕಣ್ಣು ಅದರೊಳಗಿನ ಎರಡು ಮೂರು ಪುಸ್ತಕದ ಮ್ಯಾಲ ಇರ್ತೈತಿ. ವಹಿ ಬರದಾದ ಮ್ಯಾಲ ಪುಟಗಳ ಫೋಟೋ ನನಗ ಕಳಸ್ರಿ, ಯಾವ್ದು ಇಟ್ಕೋಬೇಕು ಯಾವ್ದು ಮಾರಬೌದು ನಾನು ಒಂದೊಂದಕ್ಕ ಗುರ್ತು ಹಾಕಿ ಕೊಡ್ತೀನಿ. ಮಾವನವ್ರ ಹೆಸರು ಬರದ ಪುಸ್ತಕ ಇದ್ರ ಬೆಲಿ ತುಸು ಕಡಿಮಿ ಆಗ್ತೈತಿ, ಅವನ್ನ ಬ್ಯಾರೆ ತಗದು ಮನಿಯವ್ರಿಗೆ ಇಡ್ರಿ.